ತ್ರಿಕೋನದ ಮೇಲಿನ ಗಾಜಿನಂಗಡಿ

ಕೋರ್ಟಿನಲ್ಲಿ ಗೆದ್ದ ದಿನ ನಮ್ಮ ಮಾವ ಇಡೀ ಸಾಲಿನ ಅಂಗಡಿಯವರಿಗೆ ಚಹಾ ಕೊಡಿಸಿದರು. ಸಾಲು ಎನ್ನುವುದು ಬಾಯಿ ಅಭ್ಯಾಸ, ಅಷ್ಟು ಹೊತ್ತಿಗೆ ಅದರಲ್ಲಿ ಅರ್ಧ ಖಾಲಿಯಾಗಿತ್ತು. ದರ್ಜಿ ತನ್ನ ಹೊಲಿಗೆ ಯಂತ್ರಗಳನ್ನು ಕೈಗಾಡಿಗೆ ಏರಿಸುತ್ತಿದ್ದ. ಟೈರಿನವನು ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದ. ಮುಂದಿನ ವಾರ ರಸ್ತೆ ಅಗಲಿಸಲು ತಮ್ಮ ಗೋಡೆಗಳು ನೆಲಸಮವಾಗುತ್ತವೆ ಎಂದು ಗೊತ್ತಿದ್ದೂ ಅವರು ಗೆದ್ದವನ ಚಹಾ ಕುಡಿದರು, ಒಳ್ಳೆಯದಾಯಿತು ಬಿಡಿ ಎಂದರು. ಅದು ಅವರ ದೊಡ್ಡತನ. ಮಾವನಿಗೆ ಅದು ಕಾಣಲಿಲ್ಲ. "ನನ್ನ ಮಾತು ಕೇಳಿ ನೀವೂ ಕೋರ್ಟಿಗೆ ಹೋಗಿದ್ರೆ ನಿಮ್ಮದೂ ಉಳೀತಿತ್ತು" ಎಂದು ಗಾಯದ ಮೇಲೆ ಬರೆ ಎಳೆದರು.

ಮನೆಗೆ ಬಂದು ಹೇಳಿದಾಗ ನಮ್ಮ ಅತ್ತೆ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕೈ ತೊಳ್ಕೊಂಡು ಬನ್ನಿ, ಊಟ ಆರ್ತಾ ಇದೆ" ಎಂದರು. ಮಾವ ನಕ್ಕರು. ಹೆಂಗಸರ ಮಾತಿಗೆ ನಗುವ ಆ ನಗು ನನಗೆ ಮದುವೆಯಾದ ಹೊಸದರಿಂದಲೂ ಮೈ ಉರಿಸುತ್ತದೆ.

ನಮ್ಮ ಅಂಗಡಿ ನಾಲ್ಕು ರಸ್ತೆ ಕೂಡುವ ಕಡೆ, ಸರಿಯಾಗಿ ಮೂಲೆಯಲ್ಲಿ. ಕಿಟಕಿ ಗಾಜು, ಕನ್ನಡಿ, ಫೋಟೋ ಕಟ್ಟು. ಮಾವ ಮತ್ತು ನನ್ನ ಗಂಡ ಗಾಜು ಕೊಯ್ಯುತ್ತಾರೆ, ಕಟ್ಟು ಹಾಕುವ ಕೆಲಸ ನನ್ನದು. ಊರು ಸಣ್ಣದಿದ್ದಾಗ ಆ ಮೂಲೆ ಬಂಗಾರ. ಆಮೇಲೆ ಊರು ಬೆಳೆಯಿತು, ಯಾರನ್ನೂ ಕೇಳದೆ ಬೆಳೆಯಿತು. ಬಸ್ಸು ತಿರುಗಲು ಲಾರಿ ಹಿಂದೆ ಸರಿಯಬೇಕು, ಲಾರಿ ಸರಿಯಲು ಆಟೋ ಸರಿಯಬೇಕು, ಆಟೋದವನು ತನ್ನ ಅಪ್ಪ ಬಂದರೂ ಸರಿಯುವುದಿಲ್ಲ. "ಈ ಸರ್ಕಲ್ಲನ್ನ ರಿಪೇರಿ ಮಾಡೋ ಗಂಡಸೇ ಇಲ್ವಾ ಈ ಊರಲ್ಲಿ" ಎಂದು ದಿನಾ ಬೈಯುತ್ತಿದ್ದವರಲ್ಲಿ ಮಾವನೇ ಮೊದಲಿಗರು. ರಿಪೇರಿ ಮಾಡಲು ಬಂದಾಗ ಮೊದಲು ಅಡ್ಡ ನಿಂತವರೂ ಅವರೇ.

ಬಂದದ್ದು ಗಂಡಸಲ್ಲ. ಒಬ್ಬಳು ಇಂಜಿನಿಯರ್, ನನಗಿಂತ ಚಿಕ್ಕವಳು, ಬಿಸಿಲಿಗೆ ಮುಖವೆಲ್ಲ ಕಪ್ಪಿಟ್ಟಿತ್ತು. ತೀರ್ಪು ಬಂದ ಮೇಲೆ ಅವಳೇ ಹೊಸ ನಕ್ಷೆ ತಂದು ನಮ್ಮ ಗಾಜು ಕೊಯ್ಯುವ ಮೇಜಿನ ಮೇಲೆ ಹಾಸಿದಳು. ಎಡಕ್ಕೆ ತಿರುಗುವ ಗಾಡಿಗಳು ಸಿಗ್ನಲ್ಲಿಗೆ ಕಾಯದೆ ಹೋಗಲಿ ಎಂದು ಒಂದು ಬೇರೆ ದಾರಿ ಬೇಕಿತ್ತು. ನಮ್ಮ ಅಂಗಡಿ ಒಡೆದಿದ್ದರೆ ಅದು ಅಲ್ಲೇ ಹಾಯುತ್ತಿತ್ತು. ಈಗ ಅದನ್ನು ನಮ್ಮ ಹಿಂದಿನಿಂದ, ದರ್ಜಿ ಮತ್ತು ಟೈರಿನವನ ಜಾಗದ ಮೇಲೆ ತಿರುಗಿಸಿದ್ದರು.

"ನಿಮ್ಮ ಅಂಗಡಿಯ ಒಂದು ಇಟ್ಟಿಗೆಗೂ ನಾವು ಕೈ ಹಚ್ಚಲ್ಲ" ಎಂದಳು. "ಆದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ಮೂರು ಕಡೆನೂ ರಸ್ತೆ ಬರತ್ತೆ. ಮುಂದೆ ಕಂಬಿ ಹಾಕ್ತೀವಿ, ಗಾಡಿ ನಿಲ್ಸೋಕಾಗಲ್ಲ. ಹೊಸ ಮಾರ್ಕೆಟ್ ಕಟ್ಟಡದಲ್ಲಿ ನಿಮಗೆ ಅಂತ ಒಂದು ಮಳಿಗೆ ಇದೆ. ಇನ್ನೂ ಯಾರಿಗೂ ಕೊಟ್ಟಿಲ್ಲ. ನೀವು ಹೂಂ ಅಂದ್ರೆ ಸಾಕು."

ಮಾವ ಕೇಳಿಸಿಕೊಂಡದ್ದು ಇಟ್ಟಿಗೆಯ ಮಾತು ಒಂದನ್ನೇ. ಅವಳು ಹೋದ ಮೇಲೆ, "ನೋಡಿದ್ಯಾ, ಸರ್ಕಾರನೇ ಬಳಸ್ಕೊಂಡು ಹೋಗ್ತಾ ಇದೆ" ಎಂದು ಇವರ ಬೆನ್ನು ತಟ್ಟಿದರು. ಇವರು ಎಂದರೆ ನನ್ನ ಗಂಡ. ಇವರು ತಲೆಯಾಡಿಸಿದರು. ಅಪ್ಪ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಆಡಿಸಿ ಇವರ ಕುತ್ತಿಗೆಯೇ ಸಡಿಲವಾಗಿದೆ ಎಂದು ನಾನು ತಮಾಷೆ ಮಾಡುವುದುಂಟು. ಅವತ್ತು ಮಾಡಲಿಲ್ಲ.

ಕೆಲಸ ಮುಗಿದಾಗ ರಸ್ತೆ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಿಗ್ನಲ್ಲು, ಬಿಳಿ ಗೆರೆ, ಬಾಣದ ಗುರುತು, ಗಾಡಿಗಳು ಒಂದರ ಹಿಂದೆ ಒಂದು ಮರ್ಯಾದೆಯಿಂದ ಹೋಗುತ್ತಿದ್ದವು. ಆ ಚೆಂದದ ನಡುವೆ ಸಿಮೆಂಟಿನ ಒಂದು ತ್ರಿಕೋನ. ತ್ರಿಕೋನದ ಮೇಲೆ ನಮ್ಮ ಅಂಗಡಿ, ತಟ್ಟೆಯಲ್ಲಿ ಉಳಿದ ಕೊನೆಯ ತುತ್ತಿನ ಹಾಗೆ.

ಕಣ್ಣಿಗೆ ಕಾಣುವ ಅಂಗಡಿ, ಕಾಲಿಗೆ ಸಿಗದ ಅಂಗಡಿ. ಬಸ್ಸಿನಲ್ಲಿ ಹೋಗುವವರೆಲ್ಲ ನಮ್ಮ ಕನ್ನಡಿಗಳಲ್ಲಿ ತಮ್ಮ ಮುಖ ನೋಡಿಕೊಂಡು ಹೋಗುತ್ತಿದ್ದರು, ಒಬ್ಬರೂ ಇಳಿಯುತ್ತಿರಲಿಲ್ಲ. ಹಿಂದಿನ ತಿರುವು ದಾರಿಗೆ ಸಿಗ್ನಲ್ಲು ಇರಲಿಲ್ಲ, ಬರೀ ಜೀಬ್ರಾ ಪಟ್ಟಿ. ತಿರುಗುವ ಗಾಡಿಗಳಿಗೆ ಪಟ್ಟಿ ಕಂಡರೆ ತಾನೆ? ಒಡೆದ ಚೌಕಟ್ಟು ಹಿಡಿದುಕೊಂಡು ಆಚೆ ನಿಂತ ಹೆಂಗಸು ದಾಟಲಾಗದೆ ಅಲ್ಲಿಂದಲೇ ನಮಗೆ ಕೈ ಬೀಸಿ ಹೊರಟುಹೋದದ್ದನ್ನು ನಾನೇ ನೋಡಿದ್ದೇನೆ. ಖಾಯಂ ಬರುತ್ತಿದ್ದವನು ಟ್ರಾಫಿಕ್ ಪೊಲೀಸಿನವನೊಬ್ಬ. ದೊಡ್ಡ ಕನ್ನಡಿಯ ಮುಂದೆ ನಿಂತು ಕ್ರಾಪು ತೀಡಿಕೊಂಡು, "ವ್ಯಾಪಾರ ಹೇಗಿದೆ ಯಜಮಾನ್ರೇ?" ಎಂದು ಕೇಳಿ ಹೋಗುತ್ತಿದ್ದ. ಮಾವ ಪ್ರತಿ ಸಲವೂ "ಪರವಾಗಿಲ್ಲ" ಎನ್ನುತ್ತಿದ್ದರು.

ಮೂರು ಕಡೆಯಿಂದ ಲಾರಿ ಹೋದಾಗ ಸ್ಟ್ಯಾಂಡಿನಲ್ಲಿದ್ದ ಗಾಜುಗಳೆಲ್ಲ ಗುಂಯ್ ಎನ್ನುತ್ತಿದ್ದವು. ಮಾವ ಹಳೆಯ ಟ್ಯೂಬು ಕತ್ತರಿಸಿ ಸಂದಿಗೆ ತುರುಕಿದರು. ನಾನು ಕನ್ನಡಿ ಒರೆಸಿ ಬಟ್ಟೆ ಹಿಂಡುವಷ್ಟರಲ್ಲಿ ಮತ್ತೆ ಧೂಳು. ಹೊಸ ಮಾರ್ಕೆಟ್ಟಿನಲ್ಲಿ ದರ್ಜಿಗೆ ತಲೆ ಎತ್ತಲು ಪುರುಸೊತ್ತಿಲ್ಲ ಎಂಬ ಸುದ್ದಿ ದಿನಾ ಬರುತ್ತಿತ್ತು. ಒಂದು ಸಂಜೆ ಇವರು ಕೊನೆಗೂ ಬಾಯಿ ಬಿಟ್ಟರು. "ಅಪ್ಪಾ, ಆ ಮಳಿಗೆ ಇನ್ನೂ ಖಾಲಿ ಇದೆಯಂತೆ. ಹೋಗೋಣ."

"ಯಾಕೆ?"

"ಇಲ್ಲಿ ಯಾರು ಬರ್ತಾರೆ?"

"ಗೆದ್ದ ಜಾಗ ಕಣೋ ಇದು. ಗೆದ್ದ ಜಾಗ ಬಿಟ್ಟು ಸೋತವರ ಸಾಲಲ್ಲಿ ಹೋಗಿ ನಿಂತ್ಕೊಳ್ಳಲಾ? ದರ್ಜಿ ನಗಲ್ವಾ?"

ದರ್ಜಿ ನಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಆದರೆ ಇವರು ಮತ್ತೆ ತಲೆಯಾಡಿಸಿದರು.

ನನಗೆ ವ್ಯಾಪಾರದ ಚಿಂತೆಗಿಂತ ಆ ತಿರುವು ದಾರಿಯ ಚಿಂತೆ ಹೆಚ್ಚಾಗಿತ್ತು. ಗಾಜು ಸಾಗಿಸುವ ಗಾಡಿ ಅಂಗಡಿಯ ಹತ್ತಿರ ಬರುವಂತಿರಲಿಲ್ಲ, ಆಚೆ ನಮ್ಮ ಮನೆಯ ಓಣಿಯ ಬಾಯಲ್ಲಿ ನಿಲ್ಲುತ್ತಿತ್ತು. ಅಲ್ಲಿಯವರೆಗೆ ಗಾಜನ್ನು ಇವರಿಬ್ಬರೂ ಕೈಯಲ್ಲೇ ಹೊರಬೇಕು. ಮುಂದೆ ಮಾವ, ಹಿಂದೆ ಇವರು. ದಾಟುವಾಗಲೆಲ್ಲ ನಾನು ಅಂಗಡಿಯ ಹಿಂಬಾಗಿಲಲ್ಲಿ ನಿಂತು ಉಸಿರು ಹಿಡಿಯುತ್ತಿದ್ದೆ. ಇವರಿಗೆ ಏನಾದರೂ ಆಗುವ ಮೊದಲು ಮಾವನ ಬಾಯಲ್ಲಿ ಹೂಂ ಬರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಮಾವನಿಗೆ ಹೇಳಿಯೂ ಹೇಳಿದೆ. "ರಸ್ತೆ ದಾಟೋದು ನನಗೆ ಕಲಿಸ್ತೀಯಾ?" ಎಂದು ನಕ್ಕರು. ಅದೇ ನಗು.

ಗಾಜು ಹೊರುವುದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಮುಂದಿನವನಿಗೆ ದಾರಿ ಕಾಣುತ್ತದೆ, ಹಿಂದಿನವನಿಗೆ ಬರೀ ಗಾಜು ಮತ್ತು ಮುಂದಿನವನ ಬೆನ್ನು. ಅದಕ್ಕೆ ಮಾತೆಲ್ಲ ಮುಂದಿನವನದು. ನಿಲ್ಲು ಅಂದರೆ ನಿಲ್ಲಬೇಕು, ನಡಿ ಅಂದರೆ ನಡೆಯಬೇಕು. ಅಪಾಯ ಬಂದರೆ ಅವನು "ಬಿಡು" ಎಂದು ಕೂಗಬೇಕು, ಇಬ್ಬರೂ ಒಟ್ಟಿಗೆ ಬಿಟ್ಟು ಹಿಂದೆ ಹಾರಬೇಕು. ಒಟ್ಟಿಗೆ ಬಿಟ್ಟರೆ ಗಾಜು ನೆಲಕ್ಕೆ ಬಿದ್ದು ಚೂರಾಗುತ್ತದೆ, ಹೋದರೆ ಗಾಜು ಹೋಯಿತು. ಒಬ್ಬ ಬಿಟ್ಟು ಒಬ್ಬ ಹಿಡಿದಿದ್ದರೆ ಇಡೀ ಗಾಜಿನ ಹಲಗೆ ಹಿಡಿದವನ ಕಡೆಗೆ ತಿರುಗುತ್ತದೆ. ಇವರು ಎಂಟು ಹತ್ತು ವರ್ಷದವರಿದ್ದಾಗಲೇ ಮಾವ ಖಾಲಿ ರಟ್ಟು ಹಿಡಿಸಿ ಈ ಪಾಠ ಮಾಡಿಸಿದ್ದರಂತೆ. ತಾವು ಹೇಳುವ ಮೊದಲೇ ಬಿಟ್ಟ ದಿನ ಕಿವಿ ಹಿಂಡುತ್ತಿದ್ದರಂತೆ. ಊಟಕ್ಕೆ ಕೂತಾಗ ಇಬ್ಬರೂ ಅದನ್ನು ನೆನೆದು ನಗುತ್ತಿದ್ದರು.

ದರ್ಜಿ ಒಂದು ದಿನ ರಸ್ತೆ ದಾಟಿಕೊಂಡು ಬಂದ, ಬಂದವನು ಸುಧಾರಿಸಿಕೊಳ್ಳಲು ಸ್ಟೂಲಿನ ಮೇಲೆ ಕೂತ. ಹೊಸ ಮಳಿಗೆಯಲ್ಲಿ ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳಲು ಆಳೆತ್ತರದ ಕನ್ನಡಿ ಬೇಕಂತೆ. ಅವನ ಮಳಿಗೆಯ ಎದುರಿಗೇ ಒಬ್ಬ ಗಾಜಿನವನಿದ್ದಾನೆ, ನಮಗೆಲ್ಲ ಗೊತ್ತು. ಆದರೂ ಇಲ್ಲಿಗೆ ಬಂದಿದ್ದ.

"ನಿಮ್ಮ ಕೈದೇ ಆಗ್ಬೇಕು" ಎಂದ.

ಮಾವನ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿಯಾಯಿತು, ಇಲ್ಲವೆನ್ನುವುದಿಲ್ಲ. ಎಷ್ಟೋ ಕಾಲದ ನಂತರದ ದೊಡ್ಡ ಕೆಲಸ. ಇವರು ಮಾತ್ರ, "ಹಲಗೆನ ಅಲ್ಲಿಗೇ ತರಿಸಿ ಅಲ್ಲೇ ಕೊಯ್ದು ಕೂರಿಸೋಣ ಅಪ್ಪಾ, ದಾಟಿಸೋ ತಾಪತ್ರಯ ಇರಲ್ಲ" ಎಂದರು. ನಾನೂ ದನಿಗೂಡಿಸಿದೆ. ಮಾವ ಕೇಳಲಿಲ್ಲ. ತಮ್ಮ ಮೇಜಿನ ಮೇಲೇ ಕೊಯ್ಯಬೇಕು, ತಾವೇ ಹೊತ್ತು ಹೋಗಿ ಆ ಕಟ್ಟಡದ ಬಾಗಿಲಲ್ಲಿ ಎಲ್ಲರೂ ನೋಡುವ ಹಾಗೆ ಇಳಿಸಬೇಕು. ಗೆದ್ದವನು ಬದುಕಿದ್ದಾನೆ ಎಂದು ಸೋತವರಿಗೆ ತೋರಿಸುವ ಆಸೆ, ಇನ್ನೇನು?

ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತಿದ್ದಾಗ ಹೊರಟರು. ಕನ್ನಡಿಯನ್ನು ಹೊರುವಾಗ ಬಣ್ಣ ಬಳಿದ ಬೆನ್ನು ಮೈ ಕಡೆಗೆ, ಮುಖ ಹೊರಗೆ ಇರಬೇಕು. ಉಂಗುರ, ಗುಂಡಿ ತಾಗಿ ಮುಖಕ್ಕೆ ಗೀರು ಬೀಳಬಾರದು ಎಂದು ಮೊದಲಿನಿಂದ ನಡೆದು ಬಂದ ಪದ್ಧತಿ. ಹೀಗಾಗಿ ತಿರುವಿನಲ್ಲಿ ಬರುವ ಗಾಡಿಯ ಕಡೆಗೆ ಕನ್ನಡಿಯ ಮುಖವಿತ್ತು, ಇವರಿಬ್ಬರೂ ಅದರ ಮರೆಯಲ್ಲಿದ್ದರು. ಗಾಡಿಯವನಿಗೆ ಇವರ ತಲೆ ಕಾಲು ಬಿಟ್ಟರೆ ಮಿಕ್ಕಿದ್ದೆಲ್ಲ ಕನ್ನಡಿಯೊಳಗಿನ ಖಾಲಿ ರಸ್ತೆ, ಆಕಾಶ, ಸಿಗ್ನಲ್ ಕಂಬ. ಬಾಗಿಲಲ್ಲಿ ನಿಂತಿದ್ದ ನನಗೆ ಅದು ಹೊಳೆಯಲಿಲ್ಲ. ಹೊಳೆದಿದ್ದರೆ ಕೂಗುತ್ತಿದ್ದೆ. ಒಂದು ಪಾರ್ಸೆಲ್ ವ್ಯಾನು ತಿರುಗಿತು. "ಎದುರಿಗೆ ರಸ್ತೆನೇ ಕಾಣ್ತಿತ್ತು, ಇವರು ಕಾಣಲೇ ಇಲ್ಲ" ಎಂದು ಅದರ ಡ್ರೈವರು ಆಮೇಲೆ ಅಳುತ್ತಾ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ವ್ಯಾನು ಬ್ರೇಕು ಹಾಕಿತು, ಚಕ್ರ ಕಿರುಗುಟ್ಟಿತು, ಹಾರ್ನು ಹೊಡೆಯಿತು. ಮಾವ ಆಚೆ ರಸ್ತೆಯಂಚಿನ ಕಟ್ಟೆಯ ಹತ್ತಿರ ಇದ್ದರು, ಇವರು ರಸ್ತೆಯ ನಡುವೆ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಮಾವನ ಬಾಯಿಂದ ಒಂದು ಮಾತೂ ಬರಲಿಲ್ಲ. ಕೈ ಬಿಟ್ಟರು, ಕಟ್ಟೆಗೆ ಹಾರಿದರು. ಇವರು ಹಿಡಿದೇ ಇದ್ದರು. ಬೇರೆ ಯಾರೇ ಆಗಿದ್ದರೂ ಆ ಹಾರ್ನಿಗೆ ಬಿಟ್ಟು ಓಡಿರುತ್ತಿದ್ದರು. ಇವರು "ಬಿಡು" ಎನ್ನುವ ಮಾತಿಗೆ ಕಾಯುತ್ತಿದ್ದರು.

ವ್ಯಾನು ತಾಗಲಿಲ್ಲ, ಒಂದು ಮೊಳ ದೂರದಲ್ಲಿ ನಿಂತಿತು. ಕನ್ನಡಿ ತಿರುಗಿ ಇವರ ಕೈಯಲ್ಲೇ ಒಡೆಯಿತು.

ಆಸ್ಪತ್ರೆಯಲ್ಲಿ ಬಲಗೈಯ ನರಗಳನ್ನು ಸೇರಿಸಿ ಹೊಲಿದರು. ಕೈ ಉಳಿಯುತ್ತದೆ, ಆದರೆ ಮೂರು ಬೆರಳು ಮಡಚುವುದಿಲ್ಲ, ಗಾಜು ಕೊಯ್ಯುವ ಕೆಲಸವನ್ನು ಮರೆಯಬೇಕು ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ನಾನು ಹೊರಗೆ ನೀರಿನ ನಲ್ಲಿಯ ಹತ್ತಿರ ನಿಂತು ಅತ್ತು, ಮುಖ ತೊಳೆದುಕೊಂಡು ಒಳಗೆ ಬಂದೆ. ಮಾವ ಮಂಚದ ಕಾಲಬಳಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು, ತುಟಿ ಅದುರುತ್ತಿತ್ತು. ಈಗ ಹೇಳುತ್ತಾರೆ, ತಪ್ಪಾಯಿತು ಮಗನೇ ಎನ್ನುತ್ತಾರೆ ಎಂದುಕೊಂಡೆ. ಹಾಗೆ ಹೇಳಿಬಿಟ್ಟಿದ್ದರೆ, ದೇವರಾಣೆ, ನಾನು ಅವರ ಪಾಲಿಗೆ ಮಗಳಾಗಿ ಉಳಿಯುತ್ತಿದ್ದೆ.

ಅಷ್ಟರಲ್ಲಿ ಇವರು ಕಣ್ಣು ತೆರೆದರು. ಅಪ್ಪನ ಮುಖ ನೋಡಿದರು. "ನಾನೇ ಬಿಟ್ಟೆ ಅಪ್ಪಾ" ಎಂದರು. "ನೀವು ಹೇಳೋಕೆ ಮುಂಚೆನೇ ಗಾಬರಿಯಾಗಿ ಬಿಟ್ಟುಬಿಟ್ಟೆ."

ಮಾವ ನಿಧಾನವಾಗಿ ಸ್ಟೂಲು ಎಳೆದುಕೊಂಡು ಕೂತರು. ತುಟಿ ಅದುರುವುದು ನಿಂತಿತು. "ನಾನು ಹೇಳೋ ತನಕ ಬಿಡಬಾರದು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೆನಲ್ಲೋ" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಆಮೇಲೆ ಬಂದವರಿಗೆಲ್ಲ ಅದೇ ಕಥೆ. ಅತ್ತೆಗೆ ಹೇಳಿದರು, ಪೊಲೀಸಿನವನಿಗೆ ಹೇಳಿದರು, ಹಣ್ಣು ತಂದ ದರ್ಜಿಗೂ ಹೇಳಿದರು. "ಅವಸರದ ಹುಡುಗ. ನಾನು 'ಬಿಡು' ಅನ್ನೋಷ್ಟರಲ್ಲಿ ಬಿಟ್ಟಿದ್ದ." ಹೇಳಿ ಹೇಳಿ ಮಾತು ನುಣ್ಣಗಾಯಿತು, ಬಿಟ್ಟವನ ಕೈಗೇ ಗಾಜು ಹೇಗೆ ತಿರುಗಿತು ಎಂದು ಯಾರೂ ಕೇಳಲಿಲ್ಲ. ಇವರು ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಪ್ರತಿ ಸಲವೂ ಹೌದು ಎಂದು ತಲೆಯಾಡಿಸುತ್ತಿದ್ದರು. ಅತ್ತೆ ಮಗನಿಗೇ ಬೈದರು, "ಅಷ್ಟು ವಯಸ್ಸಾದೋರೇ ಗಟ್ಟಿಯಾಗಿ ಹಿಡ್ಕೊಂಡಿದ್ರು, ನಿನಗೇನಾಗಿತ್ತೋ ಧಾಡಿ" ಎಂದು ಬೈದು ಬೈದು ಅತ್ತರು.

ಇವರು ಒಬ್ಬರೇ ಸಿಕ್ಕಾಗ ಕೇಳಿದೆ. "ಯಾಕ್ರೀ? ನಾನು ಕಣ್ಣಾರೆ ನೋಡಿದೀನಿ."

"ಗೊತ್ತು. ನೀನು ಬಾಗಿಲಲ್ಲೇ ಇದ್ದೆ."

"ಮತ್ತೆ?"

"ಅವರ ಮುಖ ನೋಡಿದ್ಯಾ ಅವತ್ತು? ಸತ್ತೇ ಹೋಗಿರೋರು. ಕೈ ಅಂತೂ ಹೋಯ್ತು. ಅಪ್ಪನೂ ಹೋಗ್ಬೇಕಾ?" ಎಂದರು. "ನೀನು ಬಾಯಿ ಬಿಡಬೇಡ. ನನ್ನಾಣೆ."

ನನ್ನ ಗಂಡ ಹೆಡ್ಡರು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವತ್ತೂ ಅಂದುಕೊಂಡೆ, ಅಂದುಕೊಂಡೇ ಇವರ ಕೈ ಕೆಳಗಿನ ದಿಂಬು ಸರಿಮಾಡಿದೆ.

ಇವರನ್ನು ಮನೆಗೆ ಕರೆತಂದ ಮೇಲೆ ಆ ಇಂಜಿನಿಯರ್ ಒಂದು ಸಲ ನೋಡಲು ಬಂದಳು. ತಿರುವು ದಾರಿಗೆ ಉಬ್ಬು ಹಾಕಿಸುತ್ತೇನೆ ಎಂದಳು, ಹಾಕಿಸಿದಳು ಕೂಡ. ಮಳಿಗೆಯ ಮಾತು ನಾನೇ ಎತ್ತಿದೆ. ಅವಳು ತಲೆ ತಗ್ಗಿಸಿದಳು. ಎಷ್ಟು ದಿನ ಅಂತ ಖಾಲಿ ಇಡುತ್ತಾರೆ, ಬೇರೆಯವರಿಗೆ ಕೊಟ್ಟಾಗಿತ್ತು.

ಮಾವ ಅಂಗಡಿ ಬಿಡಲಿಲ್ಲ. ಬೆಳಿಗ್ಗೆ ಹೋಗಿ ಶಟರು ಎತ್ತುತ್ತಿದ್ದರು, ಕಟ್ಟಿನ ಕೆಲಸವಿದ್ದರೆ ನಾನೂ ಹೋಗುತ್ತಿದ್ದೆ. ಇವರು ಮನೆಯಲ್ಲಿ ಕೂತು ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದರು. ಹೀಗಿರುವಾಗ ಯಾರದೋ ಕಪಾಟಿಗೆ ಗಾಜು ಬೇಕಾಗಿ ಬಂತು, ಅಂಥಾ ದೊಡ್ಡದೇನಲ್ಲ, ಆದರೂ ಇಬ್ಬರು ಬೇಕು. ಮಾವ ಕೊಯ್ದರು, ಅಂಚು ಉಜ್ಜಿದರು, ಓಣಿಯ ಬಾಯಲ್ಲಿ ಆಟೋ ಬಂದು ನಿಂತಿತು. ಮಾವ ಮುಂದಿನ ತುದಿಗೆ ಕೈ ಹಾಕಿ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಕರೆದರು.

"ಬಾಮ್ಮ. ಹಿಂದೆ ಹಿಡ್ಕೋ. ನಾನು ಹೇಳೋ ತನಕ ಬಿಡಬಾರದು, ಗೊತ್ತಲ್ಲ?"

ಎಲ್ಲಿತ್ತೋ ಆ ಸಿಟ್ಟು. ಇವರ ಆಣೆ ನೆನಪಿತ್ತು, ಆದರೂ ಬಾಯಿ ಕೇಳಲಿಲ್ಲ.

"ನಾನು ಮುಂದೆ ಹಿಡೀತೀನಿ ಮಾವ. ನೀವು ಹಿಂದೆ ಬನ್ನಿ."

"ಯಾಕೆ?"

"ನಾನಾದ್ರೆ ಬಿಡೋ ಮುಂಚೆ ಹೇಳ್ತೀನಿ."

ಮಾವ ನನ್ನನ್ನು ನೋಡಿದರು. ಅಂಗಡಿಯ ಹಿಂಬಾಗಿಲು ನೋಡಿದರು, ಅಲ್ಲಿಂದ ಜೀಬ್ರಾ ಪಟ್ಟಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎನ್ನುವುದು ಅವರಿಗೆ ಆಗ ತಾನೇ ಗೊತ್ತಾದ ಹಾಗಿತ್ತು. ಒಂದು ಲಾರಿ ಹೋಯಿತು, ಗಾಜುಗಳು ಗುಂಯ್ ಎಂದವು. ಅವರು ಕೈಯಲ್ಲಿದ್ದದ್ದನ್ನು ಸ್ಟ್ಯಾಂಡಿಗೆ ಹಿಂದಕ್ಕೆ ಒರಗಿಸಿದರು, ಅಂಗಿಗೆ ಕೈ ಒರೆಸಿಕೊಂಡರು, ಹೊರಗೆ ನಡೆದರು.

ನಾನು ಶಟರು ಎಳೆದು ಬೀಗ ಹಾಕಿ ಬಂದಾಗ ಪಟ್ಟಿಯ ಅಂಚಿನಲ್ಲಿ ನಿಂತಿದ್ದರು. ಗಾಡಿಗಳಿರಲಿಲ್ಲ, ದಾರಿ ಖಾಲಿ ಇತ್ತು. ಆದರೂ ಒಂದು ಕಾಲು ಇಳಿಸುತ್ತಿದ್ದರು, ಮತ್ತೆ ಮೇಲೆ ತೆಗೆದುಕೊಳ್ಳುತ್ತಿದ್ದರು. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಮುದುಕರ ಮೊಣಕೈ ಹಿಡಿದು ದಾಟಿಸಿದೆ. ಓಣಿಯ ಬಾಯಲ್ಲಿದ್ದ ಆಟೋದವನನ್ನು ಖಾಲಿ ಕಳಿಸಿ ಮನೆಗೆ ನಡೆದೆವು.

ಮನೆಯಲ್ಲಿ ಇವರು ಕಿಟಕಿಯ ಹತ್ತಿರ ಕೂತು ಬೆರಳು ಮಡಚುವ ಅಭ್ಯಾಸ ಮಾಡುತ್ತಿದ್ದರು. ಮಾವ ಅವರ ಪಕ್ಕದಲ್ಲಿ ಕೂತು, "ಅಂಗಡಿ ಸಾಕು ಕಣೋ. ಇನ್ನು ತೆಗೆಯಲ್ಲ" ಎಂದರು.

ಇವರು ಗಾಬರಿಯಾದರು. "ಯಾಕಪ್ಪಾ? ಏನಾಯ್ತು?"

ಮಾವ ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

"ನಿನ್ನ ಹೆಂಡತಿ ಬೇಡ ಅಂದ್ಲು" ಎಂದರು.

ಇವರ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ಹಾಗೆ ನೋಡಿದವರಲ್ಲ. "ಹೌದೇನೇ? ನೀನು ಅಂದ್ಯಾ ಅವರಿಗೆ?"

ಮಾವನ ತುಟಿ ಅವತ್ತು ಆಸ್ಪತ್ರೆಯಲ್ಲಿ ಅದುರಿದ ಹಾಗೇ ಅದುರುತ್ತಿತ್ತು.

"ಹೌದು, ನಾನೇ ಅಂದೆ" ಎಂದು ಹೇಳಿ, ಅತ್ತೆ ಕರೆದರೆಂದು ಒಳಗೆ ಹೋದೆ.